ಇರುವುದೇ ನಾಲ್ಕು ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್: ಲಿನಕ್ಸ್ ಕರ್ನಲ್‌ನಲ್ಲಿ ಯಾವುದಕ್ಕೆ ಬಳಸಬೇಕು?

ಕರ್ನಲ್‌ನ ಒಂದು ವೇರಿಯಬಲ್ ಕೆಡುತ್ತಿದೆ, ಯಾವ ಕೋಡ್ ಅದರ ಮೇಲೆ ಬರೆಯುತ್ತಿದೆ ಅಂತ ಗೊತ್ತಿಲ್ಲ. ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ (ಕೊಟ್ಟ ವಿಳಾಸವನ್ನು ಯಾರಾದರೂ ಮುಟ್ಟಿದರೆ ಪ್ರೊಸೆಸರ್ ತಾನೇ ಎಚ್ಚರಿಸುವ ಸೌಲಭ್ಯ) ಬೇಕಾಗುವುದು ಆಗಲೇ. ಆದರೆ ಎಕ್ಸ್86 ಪ್ರೊಸೆಸರ್‌ನಲ್ಲಿ ವಿಳಾಸ ಇಡಲು ಇರುವುದು ನಾಲ್ಕೇ ಡೀಬಗ್ ರಿಜಿಸ್ಟರ್, ಡಿಆರ್0ರಿಂದ ಡಿಆರ್3ರವರೆಗೆ.

ಅದಕ್ಕೇ ಇವನ್ನು ಕೋಡ್ ಮೇಲೆ ಖರ್ಚು ಮಾಡಬೇಡಿ. ಒಂದು ಫಂಕ್ಷನ್ ಯಾವಾಗ ಓಡುತ್ತದೆ ಅಂತ ನೋಡಲು ಕೆಪ್ರೋಬ್ (ಓಡುತ್ತಿರುವ ಕರ್ನಲ್ ಕೋಡ್‌ಗೆ ತನಿಖೆ ಸೇರಿಸುವ ಸೌಲಭ್ಯ) ಸಾಕು, ಅದು ಡೀಬಗ್ ರಿಜಿಸ್ಟರ್ ಮುಟ್ಟುವುದೇ ಇಲ್ಲ. ಡೇಟಾ ಮೇಲಿನ ಬರಹ ಹಿಡಿಯಲು ಮಾತ್ರ ಈ ನಾಲ್ಕನ್ನು ಉಳಿಸಿಕೊಳ್ಳಿ. ಒಂದೊಂದೂ 1, 2, 4 ಅಥವಾ 8 ಬೈಟ್ ಕಾಯುತ್ತದೆ, ವಿಳಾಸವೂ ಆ ಅಳತೆಗೆ ಅಲೈನ್ ಆಗಿರಬೇಕು, ಅಂದರೆ ಅದರಿಂದ ಭಾಗವಾಗಬೇಕು. ಇಡೀ ಸ್ಟ್ರಕ್ಚರ್ ಕಾಯಲು ಹೋಗದೆ, ಕೆಡುತ್ತಿರುವ ಫೀಲ್ಡ್ ಒಂದನ್ನೇ ಆರಿಸಿ.

ಲೆಕ್ಕ ತಪ್ಪುವುದು ಇಲ್ಲಿ. 2.6.33 ಆವೃತ್ತಿಯಿಂದ ಲಿನಕ್ಸ್ ಇವನ್ನೆಲ್ಲ ಪರ್ಫ್ (ಕರ್ನಲ್‌ನ ಅಳತೆ ಮತ್ತು ಟ್ರೇಸಿಂಗ್ ವ್ಯವಸ್ಥೆ) ಮೂಲಕ ಹಂಚುತ್ತದೆ, ಬ್ರೇಕ್‌ಪಾಯಿಂಟ್ ನೋಂದಾಯಿಸುವಾಗಲೇ ಸ್ಲಾಟ್ (ನಾಲ್ಕರಲ್ಲಿ ಒಂದು ಜಾಗ) ಕಾದಿರಿಸುತ್ತದೆ. ಥ್ರೆಡ್‌ಗೆ ಕಟ್ಟಿದ ಬ್ರೇಕ್‌ಪಾಯಿಂಟ್ ಕಾಂಟೆಕ್ಸ್ಟ್ ಸ್ವಿಚ್‌ನಲ್ಲಿ ಬದಲಾಗುವುದರಿಂದ ಎರಡು ಥ್ರೆಡ್ ತಲಾ ನಾಲ್ಕು ಇಟ್ಟುಕೊಂಡರೂ ಜಗಳವಿಲ್ಲ. ಆದರೆ ಇಡೀ ಸಿಸ್ಟಮ್‌ಗೆ ಹಾಕುವ ಬ್ರೇಕ್‌ಪಾಯಿಂಟ್ ಪ್ರತಿ ಸಿಪಿಯುನಲ್ಲೂ ಒಂದು ಸ್ಲಾಟ್ ತಿನ್ನುತ್ತದೆ. ಯಾರೋ ಜಿಡಿಬಿ ಡೀಬಗರ್‌ನಲ್ಲಿ ಒಂದೇ ಥ್ರೆಡ್‌ಗೆ ನಾಲ್ಕು ವಾಚ್‌ಪಾಯಿಂಟ್ (ಡೇಟಾ ಕಾಯುವ ಬ್ರೇಕ್‌ಪಾಯಿಂಟ್) ಹಾಕಿದ್ದರೆ, ಆ ಥ್ರೆಡ್ ನಿದ್ದೆಯಲ್ಲಿದ್ದರೂ ಸರಿ, ನಿಮಗೆ ಸಿಗುವುದು ಈಎನ್‌ಒಎಸ್‌ಪಿಸಿ (ಜಾಗವಿಲ್ಲ) ಎರರ್, ಯಾಕೆಂದರೆ ಅದು ಯಾವ ಸಿಪಿಯುನಲ್ಲಿ ಯಾವಾಗ ಏಳುತ್ತದೋ ಕರ್ನಲ್‌ಗೆ ಗೊತ್ತಿಲ್ಲ. ಆ ಎರರ್ ಬಂದರೆ ನಿಮ್ಮ ಕೋಡ್ ಕೆದಕುವ ಮೊದಲು ತೆರೆದಿರುವ ಜಿಡಿಬಿ, ಪರ್ಫ್ ಸೆಷನ್‌ಗಳನ್ನು ಮುಚ್ಚಿ ನೋಡಿ.

ಗ್ಲೋಬಲ್ ವೇರಿಯಬಲ್ ಆದರೆ ರೂಟ್ ಆಗಿ ಕಾಲ್‌ಸಿಮ್ಸ್‌ನಿಂದ (ಕರ್ನಲ್ ಹೆಸರುಗಳ ವಿಳಾಸ ಪಟ್ಟಿ, /proc/kallsyms) ವಿಳಾಸ ತೆಗೆದು ಪರ್ಫ್‌ನ ಮೆಮ್ ಇವೆಂಟ್‌ಗೆ ಕೊಡಿ. ಬೂಟ್ ಆದಾಗಲೆಲ್ಲ ವಿಳಾಸ ಬದಲಾಗಬಹುದು, ಹಳೆಯದನ್ನು ನಂಬಬೇಡಿ. ಮಾಡ್ಯೂಲ್ ಬರೆಯುವುದಾದರೆ ಕರ್ನಲ್ ಸೋರ್ಸ್‌ನ ಸ್ಯಾಂಪಲ್ಸ್ ಫೋಲ್ಡರ್‌ನಲ್ಲೇ ಒಳ್ಳೆಯ ಮಾದರಿ ಇದೆ. ಇಂಟರಪ್ಟ್ ಹ್ಯಾಂಡ್ಲರ್ ಒಳಗಿಂದ ಮಾತ್ರ ಬ್ರೇಕ್‌ಪಾಯಿಂಟ್ ನೋಂದಾಯಿಸಬೇಡಿ, ಆ ಕರೆ ಸ್ಲೀಪ್ ಆಗಬಹುದು. ವಾಪಸ್ ಬಂದ ಪಾಯಿಂಟರ್‌ನಲ್ಲಿ ಎರರ್ ಇದೆಯಾ ನೋಡಿ, ಮಾಡ್ಯೂಲ್ ತೆಗೆಯುವಾಗ ಆ ನೋಂದಣಿ ರದ್ದು ಮಾಡಿ.

ಇನ್ನೊಂದು ಮಾತು. ಎಕ್ಸ್86ನಲ್ಲಿ ಡೇಟಾ ಟ್ರ್ಯಾಪ್ (ಬ್ರೇಕ್‌ಪಾಯಿಂಟ್ ತಾಗಿದಾಗ ಪ್ರೊಸೆಸರ್ ಕೊಡುವ ಎಚ್ಚರಿಕೆ) ಬರುವುದು ಬರೆದಾದ ಮೇಲೆ. ತೋರಿಸುವ ವಿಳಾಸ ಮುಂದಿನ ಇನ್‌ಸ್ಟ್ರಕ್ಷನ್‌ನದು, ಅಪರಾಧಿ ಅದರ ಹಿಂದಿನದು. ಎಆರ್‌ಎಂ64ರಲ್ಲಿ ಬರೆಯುವ ಮೊದಲೇ ನಿಲ್ಲುತ್ತದೆ, ವಾಚ್‌ಪಾಯಿಂಟ್‌ಗಳ ಲೆಕ್ಕವೂ ಬೇರೆ. ಎಷ್ಟಿವೆ ಅಂತ ಬೂಟ್ ಲಾಗ್‌ನಲ್ಲೇ ಸಿಗುತ್ತದೆ.

ಕಾಯುತ್ತಿರುವ ಆಬ್ಜೆಕ್ಟ್ ಫ್ರೀ ಆಗುವ ಮುಂಚೆ ಬ್ರೇಕ್‌ಪಾಯಿಂಟ್ ತೆಗೆಯಿರಿ, ಇಲ್ಲದಿದ್ದರೆ ಅದೇ ಜಾಗ ಪಡೆದ ಬೇರೆ ಆಬ್ಜೆಕ್ಟ್‌ನ ಬರಹಗಳಿಂದ ಲಾಗ್ ತುಂಬುತ್ತದೆ. ಯಾವ ಆಬ್ಜೆಕ್ಟ್ ಕೆಡುತ್ತದೆ ಅಂತ ಮೊದಲೇ ಹೇಳಲು ಆಗದಿದ್ದರೆ, ಈ ನಾಲ್ಕರ ಜೊತೆ ಒದ್ದಾಡದೆ ಕೆಎಎಸ್‌ಎಎನ್ (KASAN, ತಪ್ಪು ಮೆಮೊರಿ ಬಳಕೆ ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿ.