ಒಂದು ಕಂತಿನ ವಿಮರ್ಶೆ ಬರೆದ ಬಗೆ: ಸಬ್ರಿನಾಳ ಮೊದಲ ಅಧ್ಯಾಯ

ದಾವಣಗೆರೆಯ ವಿದ್ಯಾನಗರದಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಸಣ್ಣ ಬಳಗದಲ್ಲಿ ಕಥೆ, ನಾಟಕ, ಸಿನಿಮಾಗಳ ಜೊತೆಗೆ ಈಚೆಗೆ ವೆಬ್ ಸರಣಿಗಳ ಚರ್ಚೆಯೂ ನಡೆಯುತ್ತದೆ. ಕಾಲೇಜು ಓದುವ ಮಕ್ಕಳು ಮೊಬೈಲಿನಲ್ಲಿ ನೋಡುತ್ತಿರುವುದೇನೆಂದು ಹಿರಿಯರಿಗೂ ತಿಳಿಯಲಿ ಎಂಬ ಉದ್ದೇಶದಿಂದ, ಹದಿಹರೆಯದ ಮಾಟಗಾತಿಯೊಬ್ಬಳ ಕಥೆ ಹೇಳುವ ‘ಚಿಲ್ಲಿಂಗ್ ಅಡ್ವೆಂಚರ್ಸ್ ಆಫ್ ಸಬ್ರಿನಾ’ ಸರಣಿಯ ಮೊದಲ ಕಂತಿನ ವಿಮರ್ಶೆಯನ್ನು ನನಗೆ ವಹಿಸಲಾಯಿತು. ಇಡೀ ಸರಣಿಯನ್ನಲ್ಲದೆ ಒಂದೇ ಕಂತನ್ನು ವಿಮರ್ಶಿಸಬೇಕು ಎಂಬ ಷರತ್ತನ್ನು ಹಾಕಿಕೊಂಡವಳು ನಾನೇ. ಮೂವತ್ತಾರು ಕಂತುಗಳ ಬಗ್ಗೆ ಒಂದೇ ಬರಹದಲ್ಲಿ ಮಾತನಾಡಿದರೆ ಕಥಾಸಾರಾಂಶವಷ್ಟೇ ಉಳಿಯುತ್ತದೆ, ಆದರೆ ಒಂದು ಕಂತನ್ನು ಹಿಡಿದರೆ ಅದರ ಹೆಣಿಗೆಯ ಎಳೆಗಳನ್ನು ಬಿಡಿಸಿ ನೋಡಬಹುದು ಎಂಬುದು ನನ್ನ ಲೆಕ್ಕವಾಗಿತ್ತು.

ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. ಸಬ್ರಿನಾ ಎಂಬ ಪಾತ್ರ ಹುಟ್ಟಿದ್ದು 1962ರಲ್ಲಿ, ಆರ್ಚಿ ಕಾಮಿಕ್ಸ್ ಪುಟಗಳಲ್ಲಿ. 1996ರಿಂದ 2003ರವರೆಗೆ ಅಮೆರಿಕದ ದೂರದರ್ಶನದಲ್ಲಿ ಅವಳು ನಗೆಯ ಧಾರಾವಾಹಿಯ ನಾಯಕಿಯಾಗಿದ್ದಳು. ಅಲ್ಲಿ ಮಾಯೆಯೆಂದರೆ ಬೆರಳು ತೋರಿಸಿದರೆ ಆಗುವ ಎಡವಟ್ಟು. 2014ರಲ್ಲಿ ಆರಂಭವಾದ ಹೊಸ ಕಾಮಿಕ್ಸ್ ಇದೇ ಹುಡುಗಿಯನ್ನು ಭಯದ ಕಥೆಯೊಳಗೆ ತಂದಿತು. ಅದನ್ನು ಬರೆದ ರಾಬರ್ಟೊ ಅಗಿರ್ರೆ-ಸಕಾಸಾ ಅವರೇ ನೆಟ್‌ಫ್ಲಿಕ್ಸ್‌ಗಾಗಿ ರೂಪಿಸಿದ ಸರಣಿ 2018ರ ಅಕ್ಟೋಬರ್ 26ರಂದು ಬಿಡುಗಡೆಯಾಯಿತು. ಇಷ್ಟನ್ನು ವಿಮರ್ಶೆಯ ಒಂದು ಸಣ್ಣ ಖಂಡಿಕೆಯಲ್ಲಿ ಮುಗಿಸಿದೆ, ಏಕೆಂದರೆ ಓದುಗರಿಗೆ ಬೇಕಾದದ್ದು ಪಾತ್ರದ ಜಾತಕವಲ್ಲ.

ನೋಡುವ ಕ್ರಮದ ಬಗ್ಗೆ ನನಗೊಂದು ಹಟವಿದೆ. ಮೊದಲ ಸಲ ಪೆನ್ನು ಕಾಗದ ಮುಟ್ಟದೆ, ನಡುವೆ ನಿಲ್ಲಿಸದೆ, ಸಾಮಾನ್ಯ ಪ್ರೇಕ್ಷಕಳಂತೆ ನೋಡುತ್ತೇನೆ. ಎಲ್ಲಿ ಹೆದರಿಕೆಯಾಯಿತು, ಎಲ್ಲಿ ಬೇಸರವಾಯಿತು, ಎಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಯಿತು ಎಂಬುದು ಆಗ ಮಾತ್ರ ಪ್ರಾಮಾಣಿಕವಾಗಿ ತಿಳಿಯುತ್ತದೆ. ಎರಡನೆಯ ಸಲ ದೃಶ್ಯವಾರು ಟಿಪ್ಪಣಿ ಮಾಡುತ್ತೇನೆ. ಮಾಯೆಯ ಕಥೆಗಳಿಗೆಂದೇ ನಾನು ಟಿಪ್ಪಣಿಯ ಹಾಳೆಯನ್ನು ಮೂರು ಅಂಕಣಗಳಾಗಿ ಮಡಚುತ್ತೇನೆ: ಯಾರು ಮಂತ್ರ ಹಾಕಿದರು, ಯಾರ ಮೇಲೆ ಹಾಕಿದರು, ಅದಕ್ಕೆ ಯಾರು ಬೆಲೆ ತೆತ್ತರು. ಮೂರನೆಯ ಅಂಕಣ ಖಾಲಿ ಉಳಿದಷ್ಟೂ ಕಥೆ ಸಡಿಲವಾಗಿರುತ್ತದೆ ಎಂಬುದು ನಾನು ಕಂಡುಕೊಂಡ ಮಾತು. ಬೆಲೆಯಿಲ್ಲದ ಮಾಯೆ ಕಥೆಗಾರನಿಗೆ ಸಿಕ್ಕ ಅಡ್ಡದಾರಿಯಷ್ಟೇ.

ಕಂತಿನ ಕಥೆಯನ್ನು ವಿಮರ್ಶೆಯಲ್ಲಿ ನಾಲ್ಕೈದು ವಾಕ್ಯಗಳಿಗಿಂತ ಹೆಚ್ಚು ಹೇಳಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಗ್ರೀನ್‌ಡೇಲ್ ಎಂಬ ಕಲ್ಪಿತ ಊರಿನಲ್ಲಿ ಶವಸಂಸ್ಕಾರದ ಉದ್ಯಮ ನಡೆಸುವ ಇಬ್ಬರು ಅತ್ತೆಯರಾದ ಜೆಲ್ಡಾ ಮತ್ತು ಹಿಲ್ಡಾ ಅವರ ಆಶ್ರಯದಲ್ಲಿ ಬೆಳೆದ ಸಬ್ರಿನಾ ಸ್ಪೆಲ್ಮನ್, ತಂದೆಯ ಕಡೆಯಿಂದ ಮಾಟಗಾರರ ಕುಲದವಳು, ತಾಯಿಯ ಕಡೆಯಿಂದ ಸಾಮಾನ್ಯ ಮನುಷ್ಯಳು. ಹ್ಯಾಲೋವೀನ್ ದಿನ ಅವಳಿಗೆ ಹದಿನಾರು ತುಂಬುತ್ತದೆ, ಅಂದು ಅವಳು ಕತ್ತಲ ದೀಕ್ಷೆ ಪಡೆದು ಸೈತಾನನ ಪುಸ್ತಕದಲ್ಲಿ ತನ್ನ ಹೆಸರು ಬರೆಯಬೇಕು. ಬರೆದರೆ ಶಕ್ತಿ ಸಿಗುತ್ತದೆ. ಆದರೆ ಶಾಲೆ, ಗೆಳತಿಯರು, ಪ್ರೀತಿಸುವ ಹುಡುಗ ಹಾರ್ವಿ ಎಲ್ಲರನ್ನೂ ಬಿಟ್ಟು ಮಾಟದ ವಿದ್ಯಾಲಯ ಸೇರಬೇಕಾಗುತ್ತದೆ. ಇತ್ತ ಅವಳ ಶಿಕ್ಷಕಿ ವಾರ್ಡ್‌ವೆಲ್ ಕೊಲೆಯಾಗಿ, ಆ ರೂಪವನ್ನು ಮೇಡಮ್ ಸೇಟನ್ ಎಂಬ ದುಷ್ಟಶಕ್ತಿ ಧರಿಸಿ, ಹುಡುಗಿಯನ್ನು ಆ ಪುಸ್ತಕದತ್ತ ತಳ್ಳುವ ಹೊಂಚು ಹಾಕುತ್ತಿರುತ್ತದೆ. ಇಷ್ಟು ಹೇಳಿ, ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಬಿಟ್ಟೆ.

ನನ್ನ ವಿಮರ್ಶೆಯ ಕೇಂದ್ರವಾದ ವಿಚಾರ ಹೊಳೆದದ್ದು ಆ ಮೂರು ಅಂಕಣದ ಹಾಳೆಯಿಂದಲೇ. ಈ ಕಂತಿನಲ್ಲಿ ಸಬ್ರಿನಾ ಕೈಹಾಕುವ ಮಾಯೆಗಳಲ್ಲಿ ಮೂರು ಮುಖ್ಯವಾದವು. ಮಾಟಗಾತಿಯರಿಗೆ ಪ್ರಾಣಿರೂಪದ ಸಂಗಾತಿಯೊಂದು ಇರಬೇಕೆಂಬುದು ಆ ಲೋಕದ ರೂಢಿ. ಸಬ್ರಿನಾ ಪಟ್ಟಿಯಲ್ಲಿರುವ ಪ್ರಾಣಿಯೊಂದನ್ನು ಆರಿಸಿಕೊಳ್ಳಲು ಒಪ್ಪದೆ ಕಾಡಿಗೆ ಹೋಗಿ, ಒಡತಿಯಾಗಿಯಲ್ಲ, ಸಮಾನಳಾಗಿ ಕರೆಯುತ್ತಿದ್ದೇನೆ, ಬರಲು ಮನಸ್ಸಿರುವವರು ಬರಲಿ ಎಂಬ ಧಾಟಿಯಲ್ಲಿ ಕರೆಯುತ್ತಾಳೆ. ಹಾಗೆ ತಾನಾಗಿ ಬಂದದ್ದು ಸೇಲಂ ಎಂಬ ಕಾಡಿನ ಪಿಶಾಚಿ, ಕಪ್ಪು ಬೆಕ್ಕಿನ ರೂಪದಲ್ಲಿ. ಎರಡನೆಯದು, ತಾನು ಯಾರೆಂಬ ಸತ್ಯವನ್ನು ಹಾರ್ವಿಗೆ ಹೇಳಿದಾಗ ಅವನು ಗಾಬರಿಯಾಗುತ್ತಾನೆ. ಅವಳು ಅವನಿಗೆ ಮುತ್ತಿಟ್ಟು, ಮಂತ್ರದಿಂದ ಆ ನೆನಪನ್ನೇ ಅಳಿಸಿಹಾಕುತ್ತಾಳೆ. ಮೂರನೆಯದು, ಗೆಳತಿ ಸೂಸಿಯನ್ನು ಶಾಲೆಯ ಹುಡುಗರು ಹಿಂಸಿಸಿದ ದೂರನ್ನು ಕಿವಿಗೆ ಹಾಕಿಕೊಳ್ಳದ ಪ್ರಾಂಶುಪಾಲ ಹಾಥಾರ್ನ್‌ಗೆ ಜೇಡಗಳ ಭಯವಿದೆಯೆಂದು ತಿಳಿದು, ಅವನ ಮೇಲೆ ಜೇಡಗಳನ್ನೇ ಬಿಡುತ್ತಾಳೆ.

ಈ ಮೂರನ್ನೂ ಒಂದರ ಪಕ್ಕ ಒಂದು ಬರೆದಾಗ ಕಂತಿನ ಒಳಗಿನ ಬಿರುಕು ಕಣ್ಣಿಗೆ ಬಿತ್ತು. ಹೆಸರು ಬರೆಯುವುದೋ ಬಿಡುವುದೋ ನನ್ನ ಇಚ್ಛೆ, ಯಾರೂ ನನ್ನ ಪರವಾಗಿ ನಿರ್ಧರಿಸಬಾರದು ಎಂದು ಕಂತಿನುದ್ದಕ್ಕೂ ವಾದಿಸುವ ಹುಡುಗಿ, ಕಾಡಿನ ಪಿಶಾಚಿಯ ಒಪ್ಪಿಗೆಯನ್ನು ಕೇಳುತ್ತಾಳೆ, ತನ್ನನ್ನು ಪ್ರೀತಿಸುವ ಹುಡುಗನ ಒಪ್ಪಿಗೆಯನ್ನು ಕೇಳುವುದಿಲ್ಲ. ಅವನ ಗಾಬರಿಯೂ ಅವನದೇ ಆಸ್ತಿ; ಅದರೊಂದಿಗೆ ರಾತ್ರಿ ಕಳೆದು ಮರುದಿನ ಬಂದು ಮಾತನಾಡುವ ಹಕ್ಕು ಅವನಿಗಿತ್ತು. ಚಿತ್ರಕಥೆ ಈ ಗಳಿಗೆಯನ್ನು ಅವಳ ದುಃಖದ ಗಳಿಗೆಯನ್ನಾಗಿ ತೋರಿಸುತ್ತದೆಯೇ ಹೊರತು ಅವನಿಗಾದ ನಷ್ಟವನ್ನಾಗಿ ಅಲ್ಲ. ನನ್ನ ಹಾಳೆಯಲ್ಲಿ ಆ ದೃಶ್ಯದ ಮೂರನೆಯ ಅಂಕಣ ಖಾಲಿಯಾಗಿಯೇ ಉಳಿಯಿತು. ವಿಮರ್ಶೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಈ ಒಂದೇ ವಿಷಯಕ್ಕೆ ಕೊಟ್ಟೆ, ಮತ್ತು ಅಷ್ಟು ಕೊಟ್ಟದ್ದು ಸರಿಯೆಂದೇ ಈಗಲೂ ನಂಬಿದ್ದೇನೆ. ಹತ್ತು ಗುಣ, ಹತ್ತು ದೋಷಗಳ ಪಟ್ಟಿ ಕೊಡುವ ವಿಮರ್ಶೆ ಓದುಗರಿಗೆ ಕಂತನ್ನು ನೋಡುವ ಕಣ್ಣು ಕೊಡುವುದಿಲ್ಲ.

ಹೆಸರುಗಳ ಹಿಂದೆ ಹೋದದ್ದು ಇನ್ನೊಂದು ದಾರಿ ತೆರೆಯಿತು. ಇಂಥ ಕಥೆಗಳಲ್ಲಿ ಹೆಸರುಗಳನ್ನು ಸುಮ್ಮನೆ ಇಡುವುದಿಲ್ಲ. ಸೇಲಂ ಎಂಬುದು ಮ್ಯಾಸಚೂಸೆಟ್ಸ್ ಪ್ರಾಂತದ ಊರು. 1692ರಲ್ಲಿ ಅಲ್ಲಿ ನಡೆದ ಮಾಟದ ವಿಚಾರಣೆಗಳಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು, ತಪ್ಪೊಪ್ಪಿಗೆಯನ್ನೂ ನೀಡದೆ ನಿರಾಕರಣೆಯನ್ನೂ ಮಾಡದೆ ನಿಂತ ಜೈಲ್ಸ್ ಕೋರಿ ಎಂಬ ವೃದ್ಧನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಲ್ಲಲಾಯಿತು. ಅಲ್ಲಿ ಯಾರನ್ನೂ ಸುಡಲಿಲ್ಲ. ಸುಟ್ಟರೆಂಬ ನಂಬಿಕೆ ನಮ್ಮ ಬಳಗದಲ್ಲೂ ಇದ್ದುದರಿಂದ ಅದನ್ನು ಸ್ಪಷ್ಟವಾಗಿ ಬರೆದೆ. ಆ ವಿಚಾರಣೆಯ ನ್ಯಾಯಾಧೀಶರಲ್ಲಿ ಒಬ್ಬ ಜಾನ್ ಹಾಥಾರ್ನ್. ಆಪಾದನೆ ಮಾಡಿದವರಲ್ಲಿ ಮುಂಚೂಣಿಯಲ್ಲಿದ್ದವಳು ಹನ್ನೆರಡು ವರ್ಷದ ಆ್ಯನ್ ಪಟ್ನಮ್. ಕಂತಿನ ಪ್ರಾಂಶುಪಾಲನ ಹೆಸರು ಹಾಥಾರ್ನ್, ಹಿಂಸೆಗೊಳಗಾದ ಸೂಸಿಯ ಮನೆತನದ ಹೆಸರು ಪಟ್ನಮ್. ಅಂದು ಪಟ್ನಮ್ ಎಂಬ ಹುಡುಗಿ ಹೇಳಿದ್ದನ್ನೆಲ್ಲ ಹಾಥಾರ್ನ್ ಎಂಬ ನ್ಯಾಯಾಧೀಶ ನಂಬಿದ್ದರಿಂದ ಜೀವಗಳು ಹೋದವು. ಇಂದಿನ ಹಾಥಾರ್ನ್ ಇಂದಿನ ಪಟ್ನಮ್ ಹೇಳುವ ನಿಜವಾದ ದೂರನ್ನು ಕೇಳಲೊಲ್ಲ. ಚಿತ್ರಕಥೆ ಈ ತಿರುವುಮುರುವನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಮತ್ತು ಅದೇ ನನಗೆ ಈ ಕಂತಿನಲ್ಲಿ ಅತ್ಯಂತ ಮೆಚ್ಚುಗೆಯಾದ ಸಂಗತಿ.

ದಾವಣಗೆರೆಯ ಓದುಗರಿಗಾಗಿ ಬರೆಯುವಾಗ ಒಂದು ಎಚ್ಚರ ಬೇಕಿತ್ತು. ಅಮಾನುಷವಾದದ್ದು ನೆರೆಮನೆಯಲ್ಲಿರುವುದು ನಮ್ಮ ಸೀಮೆಗೆ ಹೊಸತಲ್ಲ. ಪಕ್ಕದ ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ, ಅಲ್ಲಿ ರಾಕ್ಷಸ ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವನ್ನು ನಾವು ಬಾಲ್ಯದಲ್ಲಿ ಬೆರಗಿನಿಂದ ನೋಡಿದವರು. ಆದರೆ ಮಾಟದ ಆಪಾದನೆಯೆಂಬುದು ನಮ್ಮಲ್ಲಿ ಇತಿಹಾಸದ ಪುಟ ಸೇರಿಲ್ಲ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯುವ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ್ದು 2017ರಲ್ಲಿ, ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಹಾಗಿರುವಾಗ ಮಾಟಗಾತಿಯೊಬ್ಬಳು ನಾಯಕಿಯಾಗಿರುವ ಕಥೆಯನ್ನು ಬರೀ ಮೋಜೆಂದು ಬರೆಯಲು ಮನಸ್ಸಾಗಲಿಲ್ಲ. ಮೂಢನಂಬಿಕೆಯ ಪ್ರಚಾರವೆಂದು ತಳ್ಳಿಹಾಕುವುದೂ ಅನ್ಯಾಯವೆನಿಸಿತು. ಈ ಸರಣಿಯಲ್ಲಿ ಮಾಟವೆಂದರೆ ಶ್ರದ್ಧೆ, ವಿಧಿ, ಧರ್ಮಗುರು ಎಲ್ಲವೂ ಇರುವ, ತಲೆಕೆಳಗಾದ ಒಂದು ಧರ್ಮಸಂಸ್ಥೆ. ಮನೆಯ ಹಿರಿಯರು ನಂಬಿದ ಧರ್ಮಕ್ಕೆ ಕಿರಿಯಳು ಪ್ರಶ್ನೆಯಿಲ್ಲದೆ ಸಹಿ ಹಾಕಬೇಕೇ ಎಂಬುದೇ ಕಥೆಯ ಪ್ರಶ್ನೆ, ಮತ್ತು ಅದು ನಮ್ಮ ಯಾವ ಓಣಿಯ ಮನೆಗೂ ಹೊರಗಿನದಲ್ಲ. ಮೂರು ವಾಕ್ಯಗಳಲ್ಲಿ ಇದನ್ನು ಹೇಳಿ ಮುಂದೆ ಸಾಗಿದೆ; ಇದನ್ನೇ ಹಿಗ್ಗಿಸಿದ್ದರೆ ವಿಮರ್ಶೆ ಭಾಷಣವಾಗುತ್ತಿತ್ತು.

ನಟನೆಯ ಬಗ್ಗೆ ಹೆಚ್ಚು ಹೇಳಲಿಲ್ಲ. ಕಿಯರ್ನನ್ ಶಿಪ್ಕಾ ಸಬ್ರಿನಾಳನ್ನು ಅಳುಬುರುಕಿಯಾಗಲು ಬಿಡುವುದಿಲ್ಲ; ಅವಳ ಗಲ್ಲದ ಬಿಗಿಯಲ್ಲೇ ಹಟವಿದೆ. ಮಿಶೆಲ್ ಗೊಮೆಜ್ ಅವರ ವಾರ್ಡ್‌ವೆಲ್ ಮಾತ್ರ ನಾಟಕೀಯತೆಯ ಎಲ್ಲೆ ದಾಟಿ ಆಡುತ್ತಾಳೆ, ಆದರೆ ದಾಟುತ್ತಿದ್ದೇನೆಂಬ ಅರಿವು ಅವಳಿಗಿರುವುದರಿಂದ ಅದು ರುಚಿಸುತ್ತದೆ. ಮಿರಾಂಡಾ ಒಟ್ಟೊ ಮತ್ತು ಲೂಸಿ ಡೇವಿಸ್ ಅತ್ತೆಯರಾಗಿ ಒಬ್ಬರನ್ನೊಬ್ಬರು ಸಮತೂಗಿಸುತ್ತಾರೆ. ನಮ್ಮೂರಿನ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಂಥವರ ಅಭಿನಯ ನೋಡಿದ ಹಿರಿಯರಿಗೆ ಗೊಮೆಜ್ ಅವರ ಆಟ ಹೆಚ್ಚೆನಿಸಲಾರದು ಎಂದು ಸೇರಿಸಿದೆ. ಬಳಗದ ಹಿರಿಯ ಸದಸ್ಯರೊಬ್ಬರು ಈ ಒಂದು ವಾಕ್ಯಕ್ಕಾಗಿಯೇ ಕಂತನ್ನು ನೋಡಿದರಂತೆ.

ದೃಶ್ಯ ವಿನ್ಯಾಸದ ಮಾತಿಗೆ ಸ್ವಲ್ಪ ಹೆಣಗಬೇಕಾಯಿತು. ನಿರ್ದೇಶಕ ಲೀ ಟೋಲಂಡ್ ಕ್ರೀಗರ್ ಹಲವು ದೃಶ್ಯಗಳಲ್ಲಿ ಚೌಕಟ್ಟಿನ ನಡುಭಾಗವನ್ನು ಮಾತ್ರ ಸ್ಪಷ್ಟವಾಗಿಟ್ಟು ಅಂಚುಗಳನ್ನು ಮಸುಕಾಗಿಸಿದ್ದಾರೆ. ಮೊಬೈಲಿನಲ್ಲಿ ನೋಡಿದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಪರದೆಯೇ ಕೆಟ್ಟಿದೆಯೆಂದುಕೊಂಡು ಒರೆಸಿದ್ದರು. ಕಾಡಿನ ದೃಶ್ಯಗಳಲ್ಲಿ ಈ ಮಸುಕು ಅರ್ಥಪೂರ್ಣವಾಗಿದೆ, ಅಂಚಿನಲ್ಲಿ ಏನೋ ಕಾದಿದೆ ಎಂಬ ಶಂಕೆ ಹುಟ್ಟಿಸುತ್ತದೆ. ಶಾಲೆಯ ಕಾರಿಡಾರಿನಲ್ಲೂ ಅದೇ ಬಂದಾಗ ಅದು ಬರೀ ಅಭ್ಯಾಸವಾಗಿಬಿಡುತ್ತದೆ. ಕಾಲದ ವಿಷಯದಲ್ಲಿ ಮಾತ್ರ ಅಸ್ಪಷ್ಟತೆ ಉಪಯೋಗಕ್ಕೆ ಬಂದಿದೆ. ಹಳೆಯ ಕಾರುಗಳು, ಹಳೆಯ ದೂರವಾಣಿಗಳು, ಊರಿನ ಚಿತ್ರಮಂದಿರದಲ್ಲಿ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ, ಎದ್ದು ನಡೆಯುವ ಶವಗಳ ಸಿನಿಮಾ. ಆದರೆ ಹುಡುಗಿಯರ ಮಾತಿನ ವರಸೆ ಇಂದಿನದು. ವರ್ಷ ಯಾವುದೆಂದು ತಿಳಿಯದಿರುವುದರಿಂದ, ಈ ಊರಿನಲ್ಲಿ ಹಳೆಯ ಲೆಕ್ಕಗಳು ಇನ್ನೂ ಚುಕ್ತಾ ಆಗಿಲ್ಲ ಎಂಬ ಭಾವ ಬಲಗೊಳ್ಳುತ್ತದೆ.

ಕರಡನ್ನು ಬಳಗದಲ್ಲಿ ಓದಿದಾಗ ಬಂದ ಆಕ್ಷೇಪಗಳಲ್ಲಿ ಒಂದು ತೂಕದ್ದಾಗಿತ್ತು. ಹದಿನಾರು ತುಂಬದ ಹುಡುಗಿ ಹೆದರಿ ಮಾಡಿದ ಕೆಲಸಕ್ಕೆ ಇಷ್ಟು ಕಟುವಾದ ತೀರ್ಪೇಕೆ ಎಂದು ಎಂಜಿನಿಯರಿಂಗ್ ಓದುತ್ತಿರುವ ತರುಣಿಯೊಬ್ಬಳು ಕೇಳಿದಳು. ನನ್ನ ತಕರಾರು ಸಬ್ರಿನಾಳ ಮೇಲಲ್ಲ, ಅವಳು ಮಾಡಿದ್ದನ್ನು ಕ್ಯಾಮೆರಾ ತೂಗಿ ನೋಡದೆ ದಾಟಿಹೋದದ್ದರ ಮೇಲೆ ಎಂದು ಉತ್ತರಿಸಿದೆ, ಮತ್ತು ಆ ವ್ಯತ್ಯಾಸವನ್ನು ಕರಡಿನಲ್ಲಿ ಇನ್ನಷ್ಟು ಬಿಡಿಸಿ ಬರೆದೆ. ಪಾತ್ರ ತಪ್ಪು ಮಾಡಬಹುದು, ಮಾಡಲೇಬೇಕು, ಇಲ್ಲದಿದ್ದರೆ ಕಥೆಯೇ ಇಲ್ಲ. ಕಂತು ತನ್ನ ಪಾತ್ರದ ತಪ್ಪನ್ನು ಗುರುತಿಸದಿದ್ದರೆ ವಿಮರ್ಶಕಿ ಗುರುತಿಸಬೇಕಾಗುತ್ತದೆ. ಮುಂದಿನ ಕಂತುಗಳಲ್ಲಿ ಹಾರ್ವಿಗೆ ಸತ್ಯ ತಿಳಿಯುತ್ತದೆಯಲ್ಲ ಎಂದು ಇನ್ನೊಬ್ಬರು ನೆನಪಿಸಿದರು. ತಿಳಿಯುವುದು ನಿಜ, ಮೊದಲ ಭಾಗ ಮುಗಿಯುವ ಹೊತ್ತಿಗೆ. ಆದರೆ ಆ ಉತ್ತರವನ್ನು ಈ ಕಂತಿನ ಖಾತೆಗೆ ಜಮಾ ಮಾಡಲು ನಾನು ಒಪ್ಪಲಿಲ್ಲ. ಆ ಸಾಲನ್ನು ಕರಡಿಗೆ ಸೇರಿಸದೆ, ನಕ್ಷತ್ರಗಳ ಅಂಕವನ್ನೂ ಕೊಡದೆ, ಎರಡನೆಯ ಅಧ್ಯಾಯವನ್ನು ಖಂಡಿತ ನೋಡುತ್ತೇನೆ ಎಂಬ ಮಾತಿನೊಂದಿಗೆ ವಿಮರ್ಶೆಯನ್ನು ಬಳಗದ ಕೈಗೆ ಒಪ್ಪಿಸಿದೆ.