ಬೆರಳು ಆಡ್ತಿದೆ, ಹಾಗಾದ್ರೆ ಮೂಳೆ ಮುರಿದಿಲ್ವಾ?

"ಬೆರಳು ಆಡಿಸು ನೋಡೋಣ." ತೋಟದಲ್ಲಿ ಯಾರಾದರೂ ಜಾರಿ ಬಿದ್ದರೆ ನಮ್ಮ ಮೂಡಿಗೆರೆ ಕಡೆ ಮೊದಲು ಬರುವ ಮಾತು ಇದು. ಬೆರಳು ಆಡಿತೋ, "ಏನಿಲ್ಲ, ಉಳುಕಿದೆ ಅಷ್ಟೆ" ಅಂತ ಎಣ್ಣೆ ಬಿಸಿಗಿಡುತ್ತಾರೆ. ಈ ಪರೀಕ್ಷೆ ನಂಬಬೇಡಿ. ಮೂಳೆ ಬಿರುಕು ಬಿಟ್ಟಿದ್ದರೂ ಬೆರಳು ಆಡುತ್ತದೆ.

ಮಣಿಕಟ್ಟಿನಿಂದ ಬೆರಳ ತುದಿವರೆಗೆ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಯಾವುದು ಮುರಿದಿದೆ ಅಂತ ಎಕ್ಸ್‌ರೇ ಹೇಳಬೇಕು. ಅನುಮಾನ ಪಡುವ ಕೆಲಸ ಮಾತ್ರ ನಮ್ಮದು.

ಮೊದಲು ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಾವು, ನೀಲಿ ಕಲೆ, ಸೊಟ್ಟ ಎಲ್ಲ ಆಗ ಎದ್ದು ಕಾಣುತ್ತದೆ. ಆಮೇಲೆ ಬೆರಳ ತುದಿಯಿಂದ ಮೂಳೆ ಮೇಲೆ ಹಗುರವಾಗಿ ಒತ್ತುತ್ತಾ ಹೋಗಿ. ಒಂದೇ ಜಾಗದಲ್ಲಿ ಜೀವ ಹೋಗುವಂತೆ ನೋವಾದರೆ ಮುರಿದಿರಬಹುದು. ಕೊನೆಗೆ, ಆದಷ್ಟು ಮಾತ್ರ, ನಿಧಾನಕ್ಕೆ ಮುಷ್ಟಿ ಮಡಚಿ. ಬೆರಳುಗಳೆಲ್ಲ ಹೆಬ್ಬೆರಳಿನ ಬುಡದ ಕಡೆಗೇ ಬಾಗಬೇಕು. ಒಂದು ಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತರೆ ಮೂಳೆ ತಿರುಚಿಕೊಂಡಿದೆ ಅಂತ ಅನುಮಾನಿಸಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸಿಟ್ಟಿನಲ್ಲಿ ಗೋಡೆಗೆ ಗುದ್ದಿದವರಿಗೆ ಕಿರುಬೆರಳಿನ ಗೆಣ್ಣು ಒಳಗೆ ಕುಸಿದಿರುತ್ತದೆ. (ಗೋಡೆಗೆ ಏನೂ ಆಗಿರುವುದಿಲ್ಲ.) ಕ್ರಿಕೆಟ್ ಚೆಂಡು ಬಡಿದು ಬೆರಳ ತುದಿ ಜೋತುಬಿದ್ದಿದೆಯಾ? ಅದೂ ಸುಮ್ನೆ ಬಿಡುವಂಥದ್ದಲ್ಲ. ಆರರಿಂದ ಎಂಟು ವಾರ ಪಟ್ಟಿ ತೆಗೆಯದೆ ನೇರವಾಗಿ ಇಡಬೇಕಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆ. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದರೆ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ವಾ, ಹಿಂದಿನವರು ನಶ್ಯ ಇಟ್ಟು ಏರಿಸುತ್ತಿದ್ದ ಜಾಗ? ಅಲ್ಲಿ ಒತ್ತಿದಾಗ ನೋವಿದ್ದರೆ ಈ ಮೂಳೆಯ ಮೇಲೆ ಅನುಮಾನ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಅಂಗೈ ಊರಿ ಬಿದ್ದಾಗ ನನಗೆ ಆದದ್ದು ಇದೇ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಈ ಮೂಳೆಯ ಬಿರುಕು ಎಷ್ಟೋ ಸಲ ಶುರುವಿಗೆ ಕಾಣುವುದಿಲ್ಲ. ಡಾಕ್ಟರು ಪಟ್ಟಿ ಹಾಕಿ, ಹತ್ತು ದಿನ ಬಿಟ್ಟು ಮತ್ತೆ ಬನ್ನಿ ಅಂದರು. ನೋವು ಇಳಿಯಿತು ಅಂತ ಪಟ್ಟಿ ಬಿಚ್ಚಿ ಬಿಸಾಕಿದವನು ನಾನೇ. ಈ ಮೂಳೆಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ಸಾಲದೆ ಕೂಡಿಕೊಳ್ಳುವುದು ತಡ, ಕೆಲವೊಮ್ಮೆ ಕೂಡುವುದೇ ಇಲ್ಲ. ನನಗೆ ಆಮೇಲೆ ಮೂರು ತಿಂಗಳು ಪ್ಲಾಸ್ಟರ್.

ಬಿದ್ದ ಕೂಡಲೇ ಉಂಗುರ, ಬಳೆ ತೆಗೆಯಿರಿ. ಬಾವು ಏರಿದ ಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ. ಸೋಪು ಹಚ್ಚಿದರೆ ಸುಲಭ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಐಸನ್ನು ನೇರ ಚರ್ಮಕ್ಕೆ ಬೇಡ. ಸೊಟ್ಟಗಾದ ಬೆರಳನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಎಣ್ಣೆ ಹಚ್ಚಿ ನೀವುವುದೂ ಬೇಡ.

ಆಸರೆಗೆ ನಮ್ಮಲ್ಲಿ ಅಡಿಕೆ ಹಾಳೆ ಇದ್ದೇ ಇದೆ. ಒಣ ಹಾಳೆಯನ್ನು ಮೊಣಕೈ ಕೆಳಗಿನಿಂದ ಬೆರಳ ತುದಿವರೆಗೆ ಬರುವಷ್ಟು ಉದ್ದಕ್ಕೆ ಕತ್ತರಿಸಿ, ಮೇಲೆ ಟವೆಲ್ ಹಾಸಿ. ಅಂಗೈಯೊಳಗೆ ಸುತ್ತಿದ ಕರ್ಚೀಫು ಇಟ್ಟು, ಲೋಟ ಹಿಡಿದ ಹಾಗೆ ಬೆರಳು ಬಾಗಿರಲಿ. ಹಾಳೆ ಮೇಲೆ ಕೈಯಿಟ್ಟು ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಪಂಚೆಯನ್ನು ಕುತ್ತಿಗೆಗೆ ಜೋಲಿ ಹಾಕಿ ಕೈಯನ್ನು ಎದೆಗಿಂತ ಮೇಲಿಡಿ. ಈಗ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರದಿದ್ದರೆ ಅಥವಾ ಬೆರಳು ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಿ. ನಾಟಿ ಕಟ್ಟು ಕಟ್ಟಿಸುವವರಿಗೂ ಇದೇ ಮಾತು. ಬಿಗಿ ಕಟ್ಟಿನಿಂದ ಬೆರಳೇ ಕಪ್ಪಾಗಿ ಕಳೆದುಕೊಳ್ಳುವ ಅಪಾಯವಿದೆ.

ಗಾಯದಲ್ಲಿ ಮೂಳೆ ಕಂಡರೆ, ಅಥವಾ ಕಟ್ಟು ಸಡಿಲಿಸಿದರೂ ಬೆರಳು ತಣ್ಣಗೆ ಬಿಳಿಚಿಕೊಂಡೇ ಇದ್ದರೆ ಕಾಯಬೇಡಿ. ಚೊಕ್ಕ ಬಟ್ಟೆ ಮುಚ್ಚಿ 108ಕ್ಕೆ ಫೋನ್ ಮಾಡಿ. ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ ಅಥವಾ ಟಿಡಿ) ಕೇಳಿ.

ಸರಿಯಾಗಿ ಕೂತ ಬೆರಳಿನ ಮುರಿತಕ್ಕೆ ಪಕ್ಕದ ಬೆರಳಿನ ಜೊತೆ ಕಟ್ಟಿದರೆ ಸಾಕಾಗಬಹುದು. ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ ಮೇಲೆ ಮಾತ್ರ. ಮೂರ್ನಾಲ್ಕು ವಾರಕ್ಕೆ ಬೆರಳು ಆಡಿಸಲು ಹೇಳುತ್ತಾರೆ, ಯಾಕೆಂದರೆ ಜಾಸ್ತಿ ದಿನ ಕಟ್ಟಿಟ್ಟರೆ ಗೆಣ್ಣು ಸೆಟೆದುಕೊಳ್ಳುತ್ತದೆ. ಪ್ಲಾಸ್ಟರ್ ತೆಗೆದ ದಿನ ನನ್ನ ಕೈ ಒಣಗಿದ ಕಡ್ಡಿಯಂತಿತ್ತು. ಮೆತ್ತನೆ ಚೆಂಡು ಹಿಸುಕಿ ಅಂದರು. ಮನೆಯಲ್ಲಿ ಚೆಂಡಿರಲಿಲ್ಲ. ಅಕ್ಕಿ ರೊಟ್ಟಿ ಹಿಟ್ಟು ನಾದಲು ಕೂತೆ. ಮೊದಲ ವಾರ ಹಿಟ್ಟಿನಲ್ಲಿ ಹೆಬ್ಬೆರಳಿನ ಗುರುತೇ ಬೀಳುತ್ತಿರಲಿಲ್ಲ.