ಪತ್ರಿಕಾ ದಿನಕ್ಕೆ ಟೆರ್ರಿ ಆಂಡರ್ಸನ್ ಬಗ್ಗೆ ಹದಿನೈದು ನಿಮಿಷ ಮಾತಾಡೋದು ಹೇಗೆ

ಜುಲೈ 1 ಹತ್ತಿರ ಬಂತು ಅಂದ್ರೆ ಮಡಿಕೇರಿ, ವಿರಾಜಪೇಟೆ ಕಡೆಯ ಕಾಲೇಜು ಮಕ್ಕಳ ಫೋನು ಶುರು. ‘ಸಾರ್, ಪತ್ರಿಕಾ ದಿನಾಚರಣೆಗೆ ಭಾಷಣ ಇದೆ, ಒಂದು ವಿಷಯ ಹೇಳಿ.’ 1843ರಲ್ಲಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಶುರು ಮಾಡಿದ್ದನ್ನು ಎಲ್ಲರೂ ಹೇಳ್ತಾರೆ. ಅವರು ಆಮೇಲೆ ನಮ್ಮ ಕೊಡಗಿಗೂ ಬಂದು ಕೆಲಸ ಮಾಡಿದ್ದರು, ಅದನ್ನು ಮಾತ್ರ ಯಾರೂ ಹೇಳಲ್ಲ, ಇರಲಿ. ಈ ಸಲ ಬೇರೆ ಏನಾದರೂ ಬೇಕು ಅನ್ನುವವರು, ವರ್ಷಗಟ್ಟಲೆ ಒತ್ತೆಯಾಳಾಗಿದ್ದ ಅಮೆರಿಕದ ಪತ್ರಕರ್ತ ಟೆರ್ರಿ ಆಂಡರ್ಸನ್ ಬದುಕು ತಗೊಳ್ಳಿ. ನಾನು ಇದೇ ವಿಷಯ ಹಿಡಿದು ವೇದಿಕೆ ಮೇಲೆ ಮುಗ್ಗರಿಸಿದವನು, ಎಲ್ಲಿ ಜಾರುತ್ತದೆ ಅಂತ ಗೊತ್ತು.

ಮೊದಲು ಒಂದು ಹಾಳೆಯಲ್ಲಿ ತಾರೀಕು ಬರೆದುಕೊಳ್ಳಿ. ಹುಟ್ಟಿದ್ದು 1947, ಅಮೆರಿಕದ ಒಹಾಯೊ. ವಿಯೆಟ್ನಾಂ ಯುದ್ಧದಲ್ಲಿ ಮರೈನ್. ಆಮೇಲೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರ, ಲೆಬನಾನಿನ ಬೈರೂತ್‌ನಲ್ಲಿ ಕೆಲಸ. 1985ರ ಮಾರ್ಚ್ 16ರಂದು ಟೆನಿಸ್ ಆಡಿ, ಜೊತೆಗಿದ್ದ ಫೋಟೋಗ್ರಾಫರ್‌ನನ್ನು ಕಾರಿನಿಂದ ಇಳಿಸುವಾಗ ಬಂದೂಕು ಹಿಡಿದವರು ಎಳೆದುಕೊಂಡು ಹೋದರು. ಬಿಟ್ಟಿದ್ದು 1991ರ ಡಿಸೆಂಬರ್ 4ಕ್ಕೆ. ಒಟ್ಟು 2,454 ದಿನ.

ಈ ಸಂಖ್ಯೆಯನ್ನು ಸುಮ್ನೆ ಓದಿಬಿಟ್ಟರೆ ಯಾರ ತಲೆಗೂ ಹೋಗಲ್ಲ. ಅಣ್ಣಾವ್ರು ಕಾಡಿನಲ್ಲಿದ್ದದ್ದು 108 ದಿನ, ಅಷ್ಟಕ್ಕೇ ಇಡೀ ಕರ್ನಾಟಕ ಊಟ ಬಿಟ್ಟಂಗಾಗಿತ್ತು ಅಲ್ವಾ? ಇದು ಅದರ ಇಪ್ಪತ್ತೆರಡು ಪಟ್ಟಿಗೂ ಜಾಸ್ತಿ. ಇಲ್ಲವಾದರೆ ತೋಟದ ಲೆಕ್ಕದಲ್ಲಿ ಹೇಳಿ. ಹಿಡಿದಾಗ ನಾವು ಹೂಮಳೆಗೆ ಆಕಾಶ ನೋಡುವ ಹೊತ್ತು, ಬಿಟ್ಟಾಗ ಅರೇಬಿಕಾ ಕೊಯ್ಲು. ನಡುವೆ ಕಾಫಿ ಏಳು ಸಲ ಹೂವಾಗಿತ್ತು. ಹಿಡಿದಾಗ ಮಗಳು ಹುಟ್ಟೇ ಇರಲಿಲ್ಲ, ಅಪ್ಪ ಮೊದಲ ಸಲ ನೋಡಿದಾಗ ಅವಳಿಗೆ ಆರು ವರ್ಷ.

ಸೆರೆಯ ವಿಷಯಕ್ಕೆ ಬಂದಾಗ ಎಲ್ಲವನ್ನೂ ತುರುಕಬೇಡಿ. ಸರಪಳಿ, ಕಣ್ಣಿಗೆ ಕಟ್ಟಿದ ಬಟ್ಟೆ ಇಷ್ಟು ಸಾಕು, ಆಮೇಲೆ ಒಂದೇ ಒಂದು ವಸ್ತು ತೋರಿಸಿ. ಆಂಡರ್ಸನ್ ಬೆಳ್ಳಿ ಕಾಗದದಲ್ಲಿ ಚೆಸ್ ಕಾಯಿ ಮಾಡಿಕೊಂಡಿದ್ದರು, ಕಾವಲಿನವರು ಅದನ್ನೂ ಕಿತ್ತುಕೊಂಡರು. ನನ್ನ ಅಣ್ಣನ ಮಗಳು ಹೋದ ವರ್ಷ ಹೋಮ್‌ಮೇಡ್ ಚಾಕಲೇಟಿನ ಹಾಳೆ ಬಿಚ್ಚಿ, ಮಾತಾಡುತ್ತಲೇ ಬೆರಳಲ್ಲಿ ಉಂಡೆ ಮಾಡಿ, ಬುಡ ಒತ್ತಿ, ಕುತ್ತಿಗೆ ಹಿಂಡಿ ಒಂದು ಪದಾತಿ ಮಾಡಿ ಮೇಜಿನ ಮೇಲಿಟ್ಟಳು. ಹಿಂದಿನ ಬೆಂಚಿನವರೂ ಎದ್ದು ನೋಡಿದರು. ಚಾಕಲೇಟು ನಾನು ತಿಂದೆ.

ಇನ್ನೊಂದು ಎಚ್ಚರಿಕೆ. ನಮ್ಮೂರಿನ ಸಭೆ ಅಂದ್ರೆ ಮುಂದಿನ ಸಾಲಿನಲ್ಲಿ ಮಿಲಿಟರಿಯಿಂದ ಬಂದವರು ಇದ್ದೇ ಇರುತ್ತಾರೆ. ಅವರ ಮುಂದೆ ಯುದ್ಧಕೈದಿಯನ್ನೂ ಒತ್ತೆಯಾಳನ್ನೂ ಒಂದೇ ಮಾಡಿ ಮಾತಾಡಬೇಡಿ. 1965ರಲ್ಲಿ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಯುದ್ಧಕೈದಿಗೆ ಜಿನೀವಾ ಒಪ್ಪಂದ ಇದೆ, ಮನೆಗೆ ಕಾಗದ ಬರೆಯುವ ಹಕ್ಕಿದೆ. ಆ ನಿಯಮ ಎಲ್ಲ ಕಡೆ ಪಾಲನೆಯಾಗುತ್ತದೆ ಅಂತಲ್ಲ, ಆದರೆ ಕೇಳೋಕೆ ಒಂದು ನಿಯಮ ಇದೆ. ಒತ್ತೆಯಾಳಿನ ಮನೆಯವರು ಯಾರನ್ನು ಕೇಳಬೇಕು? ಆಂಡರ್ಸನ್ ಅಕ್ಕ ಪೆಗ್ಗಿ ಸೇ ವರ್ಷಗಟ್ಟಲೆ ಬಾಗಿಲಿಂದ ಬಾಗಿಲಿಗೆ ಅಲೆದರು.

ಈಗ ನಾನು ಮುಗ್ಗರಿಸಿದ ಜಾಗ. ನಾನು ಬಿಡುಗಡೆಗೆ ತಂದು ನಿಲ್ಲಿಸಿದೆ, ಚಪ್ಪಾಳೆ ಬಿತ್ತು, ಕೂತೆ. ಆಗ ನಿವೃತ್ತ ಸುಬೇದಾರ್ ಒಬ್ಬರು ಎದ್ದು, ‘ಮನೆಗೆ ಬಂದ ಮೇಲೆ ಅವನಿಗೆ ನಿದ್ದೆ ಬಂತಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಹದಿನೈದರಲ್ಲಿ ಕೊನೆಯ ಆರು ನಿಮಿಷ 1991ರ ನಂತರಕ್ಕೆ ಇಟ್ಟುಕೊಳ್ಳಿ. ಆಂಡರ್ಸನ್ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಪಾಠ ಮಾಡಿದರು. ತಾವು ಯುದ್ಧ ಮಾಡಿದ ವಿಯೆಟ್ನಾಮಿನಲ್ಲೇ ಶಾಲೆಗಳನ್ನು ಕಟ್ಟಿಸಲು ದುಡಿದರು. ಹಿಡಿದವರ ಬೆನ್ನಿಗೆ ನಿಂತಿದ್ದಕ್ಕೆ ಇರಾನ್ ಮೇಲೆ ಕೇಸು ಹಾಕಿ ಗೆದ್ದರು, ಕೋಟಿಗಟ್ಟಲೆ ಡಾಲರ್ ಕೈಗೆ ಬಂತು, ತಪ್ಪು ಹೂಡಿಕೆಗಳಲ್ಲಿ ಬಹುಪಾಲು ಹೋಗಿ 2009ರಲ್ಲಿ ದಿವಾಳಿ ಅರ್ಜಿ ಹಾಕಿದರು. ಮದುವೆ ಉಳಿಯಲಿಲ್ಲ. 2004ರಲ್ಲಿ ಒಹಾಯೊ ಸೆನೆಟ್‌ಗೆ ನಿಂತು ಸೋತರು. 2018ರಲ್ಲಿ ಯಾರೋ ಸೆರೆಯ ಬಗ್ಗೆ ಕೇಳಿದಾಗ ಅದು ಈಗಲೂ ಒಳಗೆ ಇದೆ ಅನ್ನುವ ಅರ್ಥದಲ್ಲೇ ಮಾತಾಡಿದರು. ಇಪ್ಪತ್ತಾರು ವರ್ಷ ಆದಮೇಲೆ! ತೀರಿಕೊಂಡಿದ್ದು 2024ರ ಏಪ್ರಿಲ್ 21, ವಯಸ್ಸು 76. ಸೋಲುಗಳನ್ನು ಬಿಟ್ಟು ಬರೀ ಶಾಲೆ ಕಟ್ಟಿಸಿದ್ದು ಹೇಳಿದರೆ ಸುಬೇದಾರ್ ಮತ್ತೆ ಎದ್ದು ನಿಲ್ಲುತ್ತಾರೆ.

ಕೊನೆಗೆ ಮಳೆ. ಜುಲೈನಲ್ಲಿ ಕರೆಂಟ್ ಹೋಗುತ್ತದೆ, ಮೈಕ್ ಸಾಯುತ್ತದೆ, ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ಪಕ್ಕದವರ ಮಾತೂ ಕೇಳಲ್ಲ. ಗಂಟಲು ಹರಿದುಕೊಳ್ಳಬೇಡಿ. ನಿಲ್ಲಿಸಿ, ನೀರು ಕುಡಿಯಿರಿ, ಸದ್ದು ಇಳಿದ ಮೇಲೆ 2,454 ಅನ್ನಿ.